ಓದುಗರ ಪ್ರಶ್ನೆ: ಬ್ರಿಟಿಷ್ ರೇಡಿಯೋದಲ್ಲಿ ಮಾತಿನ ಒಂದು ದಿನ

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. 1950ರ ದಶಕದ ಬ್ರಿಟನ್ನಿನಲ್ಲಿ ಜನರು ಬೆಳಗಿನಿಂದ ರಾತ್ರಿಯವರೆಗೂ ಭಾಷಣ, ಕಥೆ, ನಾಟಕ, ಚರ್ಚೆಗಳನ್ನು ರೇಡಿಯೋದಲ್ಲಿ ಕೇಳುತ್ತಿದ್ದರೆಂದು ನಮ್ಮ ಗುರುಗಳು ಹೇಳಿದರು. ಅಂಥ ಒಂದು ದಿನ ಹೇಗಿರುತ್ತಿತ್ತು? ಕೇಳುವವರಿಗೆ ಬೇಸರವಾಗುತ್ತಿರಲಿಲ್ಲವೇ?
– ಓದುಗರು, ಕಲಬುರಗಿ

ಉತ್ತರ: ಸಂಗೀತವೂ ಧಾರಾಳವಾಗಿಯೇ ಇತ್ತು, ಆದರೂ ನಿಮ್ಮ ಗುರುಗಳು ಹೇಳಿದ್ದು ನಿಜ. ಆಗ ಬ್ರಿಟನ್ನಿನ ಕೇಳುಗರಿಗಾಗಿ ಬಿಬಿಸಿಯ ಮೂರು ವಾಹಿನಿಗಳಿದ್ದವು. 1939ರಲ್ಲಿ ಆರಂಭವಾದ ಹೋಮ್ ಸರ್ವಿಸ್ ಸುದ್ದಿ, ಭಾಷಣ, ಶಾಲಾ ಪಾಠ, ನಾಟಕಗಳಿಗೆ ಹೆಸರಾಗಿತ್ತು. 1945ರ ಲೈಟ್ ಪ್ರೋಗ್ರಾಂ ಮನರಂಜನೆಯದು. 1946ರ ಥರ್ಡ್ ಪ್ರೋಗ್ರಾಂ ಸಂಜೆಯಿಂದಾಚೆಗೆ ಮಾತ್ರ ಗಂಭೀರ ಕೇಳುಗರಿಗಾಗಿ ಬಿತ್ತರವಾಗುತ್ತಿತ್ತು.

ಬೇಸರವಾಗದಿರಲು ಮುಖ್ಯ ಕಾರಣವೆಂದು ನನಗೆ ತೋರುವುದು, ಯಾವ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಅವರ ಕೈಯಲ್ಲಿ ಯಾವ ಕೆಲಸವಿರುತ್ತದೆ ಎಂಬುದನ್ನು ಬಲ್ಲವರು ಆ ದಿನಚರಿಯನ್ನು ಕಟ್ಟಿದ್ದರು ಎಂಬುದು. ಬೆಳಿಗ್ಗೆ ಸುದ್ದಿಯ ಜೊತೆಗೆ ಚುಟುಕಾದ ಧಾರ್ಮಿಕ ಚಿಂತನವಿರುತ್ತಿತ್ತು. ಶಾಲೆಯ ವೇಳೆಯಲ್ಲಿ ತರಗತಿಗಳಿಗಾಗಿಯೇ ಪಾಠಗಳು ಬರುತ್ತಿದ್ದವು. ಮಧ್ಯಾಹ್ನ 1.45ಕ್ಕೆ, 1950ರಿಂದ, ಇನ್ನೂ ಶಾಲೆಗೆ ಹೋಗದ ಮಕ್ಕಳಿಗೆ ಕಾಲು ಗಂಟೆಯ ಕಥೆ ಮತ್ತು ಶಿಶುಗೀತೆ. ಅದು ಮುಗಿದೊಡನೆ 2 ಗಂಟೆಗೆ ‘ವುಮನ್ಸ್ ಅವರ್’: 1946ರ ಅಕ್ಟೋಬರ್ 7ರಂದು ಆರಂಭವಾದ ಈ ಮಹಿಳಾ ಕಾರ್ಯಕ್ರಮದ ಮೊದಲ ನಿರೂಪಕರು ಗಂಡಸೆಂಬುದು ಇಂದಿಗೆ ವಿಚಿತ್ರವಾಗಿ ಕಂಡರೂ, ಅಡುಗೆ, ಆರೋಗ್ಯ, ಮಕ್ಕಳ ಲಾಲನೆಯ ಜೊತೆಗೆ ಸಾರ್ವಜನಿಕ ವಿಷಯಗಳನ್ನೂ ಗೃಹಿಣಿಯರ ಮುಂದಿಟ್ಟ ಅದರ ಕೆಲಸ ದೊಡ್ಡದು. ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ‘ಚಿಲ್ಡ್ರನ್ಸ್ ಅವರ್’ ಕಾದಿರುತ್ತಿತ್ತು.

ಸಂಜೆ 6.45ರ ‘ದಿ ಆರ್ಚರ್ಸ್’ ಬಗ್ಗೆ ನಮ್ಮ ಭಾಗದ ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. 1951ರ ಜನವರಿ 1ರಿಂದ ದೇಶದಾದ್ಯಂತ ಬಿತ್ತರವಾದ ಈ ಧಾರಾವಾಹಿ ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿಯ ರೈತ ಕುಟುಂಬದ ಕಥೆ. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ 1954ರವರೆಗೆ ಆಹಾರದ ಪಡಿತರ ಮುಂದುವರಿದಿತ್ತು. ಬೆಳೆ ಹೆಚ್ಚಿಸುವ ವಿಧಾನಗಳು ರೈತರಿಗೆ ತಲುಪಬೇಕಿತ್ತು. ಬರ್ಮಿಂಗ್‌ಹ್ಯಾಮ್‌ನ ನಿರ್ಮಾಪಕ ಗಾಡ್‌ಫ್ರೀ ಬೇಸ್ಲಿ, ಕೃಷಿ ಇಲಾಖೆಯ ಸಹಕಾರದೊಂದಿಗೆ, ಆ ತಿಳಿವಳಿಕೆಯನ್ನು ಕಥೆಯೊಳಗೆ ಬೆರೆಸಿದರು. ತೊಗರಿಗೆ ಕಾಯಿಕೊರಕ ಬಿದ್ದಾಗ ಏನು ಮಾಡಬೇಕೆಂಬ ಸಲಹೆ ಅಧಿಕಾರಿಯ ಭಾಷಣದಲ್ಲಿ ಬಾರದೆ ಅಣ್ಣತಮ್ಮಂದಿರ ಜಗಳದ ನಡುವೆ ಬಂದರೆ ಹೇಗೋ ಹಾಗೆ. ಆ ಧಾರಾವಾಹಿ ಇಂದಿಗೂ ನಡೆಯುತ್ತಿದೆ.

ರಾತ್ರಿ 9ರ ಸುದ್ದಿಯ ನಂತರ ಭಾಷಣ, ನಾಟಕಗಳ ಸರದಿ. ಸಂಸತ್ತಿನ ಕಲಾಪದ ವರದಿಯೂ ರಾತ್ರಿಯೇ ಬರುತ್ತಿತ್ತು. ಮಲಗುವ ಹೊತ್ತಿಗೆ ಕಾದಂಬರಿಯ ವಾಚನ. 1948ರಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬಿಬಿಸಿಯ ವಾರ್ಷಿಕ ರೀತ್ ಉಪನ್ಯಾಸಮಾಲೆಗಳಲ್ಲಿ ಮೊದಲನೆಯದನ್ನು ನೀಡಿದರು. 1954ರ ಜನವರಿ 25ರಂದು ಥರ್ಡ್ ಪ್ರೋಗ್ರಾಂನಲ್ಲಿ ಡಿಲನ್ ಥಾಮಸ್‌ರ ‘ಅಂಡರ್ ಮಿಲ್ಕ್ ವುಡ್’ ಮೊದಲ ಬಾರಿಗೆ ಬಿತ್ತರವಾಯಿತು. ವೇಲ್ಸಿನ ಪುಟ್ಟ ಊರೊಂದರ ಒಂದು ದಿನವನ್ನು ಧ್ವನಿಗಳಿಂದಷ್ಟೇ ಕಟ್ಟಿದ ಆ ನಾಟಕವನ್ನು ಕೇಳುವ ಭಾಗ್ಯ ಕವಿಗೆ ಇರಲಿಲ್ಲ, ಎರಡೂವರೆ ತಿಂಗಳ ಹಿಂದೆಯೇ ಅವರು ತೀರಿಕೊಂಡಿದ್ದರು.

ಇಷ್ಟೊಂದು ಮಾತಿಗೆ ಹಣಕಾಸಿನ ಹಿನ್ನೆಲೆಯೂ ಇದೆ. ಜಾಹೀರಾತು ಇರಲಿಲ್ಲ, 1946ರಿಂದ ಕೇಳುಗರು ವರ್ಷಕ್ಕೆ ಒಂದು ಪೌಂಡ್ ಪರವಾನಗಿ ಶುಲ್ಕ ಕಟ್ಟುತ್ತಿದ್ದರು. ಗ್ರಾಮಫೋನ್ ಕಂಪನಿಗಳೊಡನೆ ಆದ ಒಪ್ಪಂದದಂತೆ ಮುದ್ರಿತ ಹಾಡುಗಳನ್ನು ಗೊತ್ತಾದ ಮಿತಿಯೊಳಗೆ ಮಾತ್ರ ನುಡಿಸಬಹುದಿತ್ತು.

ಪ್ರಶ್ನೆ: ಭಾಷಣಗಳನ್ನು ಬರೆದುಕೊಂಡು ಓದುತ್ತಿದ್ದರೆ? ಹಾಗಿದ್ದರೆ ಅವು ಒಣ ಪಾಠದಂತೆ ಕೇಳಿಸುತ್ತಿರಲಿಲ್ಲವೇ?
– ಓದುಗರು, ಶಹಾಪುರ

ಉತ್ತರ: ಬಹುಪಾಲು ಬರೆದುಕೊಂಡೇ ಓದುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಬಿಬಿಸಿಯ ಭಾಷಣ ವಿಭಾಗವನ್ನು ನಡೆಸಿದ ಹಿಲ್ಡಾ ಮ್ಯಾಥೆಸನ್, ಮೈಕ್‌ನ ಮುಂದೆ ಸಭೆಯನ್ನುದ್ದೇಶಿಸಿ ಮಾತನಾಡುವುದು ಸಲ್ಲದು, ಎದುರಿಗೆ ಕುಳಿತ ಒಬ್ಬರಿಗೆ ಹೇಳುವಂತೆ ಬರೆಯಬೇಕು ಎಂದು ಪಟ್ಟುಹಿಡಿದು, ದೊಡ್ಡ ವಿದ್ವಾಂಸರಿಂದಲೂ ತಾಲೀಮು ಮಾಡಿಸಿದರು. ಈ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆಕಾಶವಾಣಿಗೆ ಮಾತು ಬರೆಯುವ ನಮ್ಮ ಯುವಕರು ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ, ಉಸಿರು ಸಿಕ್ಕಿಕೊಂಡ ಕಡೆ ಒಡೆಯಬೇಕು.

ಪ್ರಶ್ನೆ: ನಮ್ಮ ಕಡೆಯ ರೇಡಿಯೋಕ್ಕೂ ಬಿಬಿಸಿಗೂ ಸಂಬಂಧವಿತ್ತೇ? ಹಳೆಯ ಕಾರ್ಯಕ್ರಮ ಪಟ್ಟಿಗಳು ನೋಡಲು ಸಿಗುತ್ತವೆಯೇ?
– ಓದುಗರು, ಬೀದರ್

ಉತ್ತರ: ಸಂಬಂಧವಿತ್ತು. ಬಿಬಿಸಿಯಲ್ಲಿದ್ದ ಲಯನೆಲ್ ಫೀಲ್ಡನ್ 1935ರಲ್ಲಿ ಭಾರತಕ್ಕೆ ಬಂದು ಪ್ರಸಾರ ವಿಭಾಗದ ಮುಖ್ಯಸ್ಥರಾದರು. ಮರುವರ್ಷ ಅದು ಆಲ್ ಇಂಡಿಯಾ ರೇಡಿಯೋ ಆಯಿತು. ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನ ಡೆಕ್ಕನ್ ರೇಡಿಯೋ 1950ರಲ್ಲಿ ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು, ಕಲಬುರಗಿ ಕೇಂದ್ರ 1966ರಲ್ಲಿ ಬಂತು. ಇನ್ನು ಪಟ್ಟಿಗಳ ಮಾತು: 1923ರಿಂದ ಪ್ರಕಟವಾದ ‘ರೇಡಿಯೋ ಟೈಮ್ಸ್’ ವಾರಪತ್ರಿಕೆಯ ಕಾರ್ಯಕ್ರಮ ವಿವರಗಳನ್ನು ಬಿಬಿಸಿ ತನ್ನ ‘ಜೀನೋಮ್’ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ದಿನಾಂಕವನ್ನು ಆರಿಸಿದರೆ ಆ ದಿನದ ಪಟ್ಟಿ ತೆರೆದುಕೊಳ್ಳುತ್ತದೆ; 1950ರ ದಶಕದ ಯಾವುದಾದರೂ ಒಂದು ವಾರದ ದಿನದಲ್ಲಿ ಹೋಮ್ ಸರ್ವಿಸ್ ಮತ್ತು ಲೈಟ್ ಪ್ರೋಗ್ರಾಂಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ.