ಮಗುವಿಗೆ ಎಡಿಎಚ್‌ಡಿ ಇದೆಯೇ ಎಂದು ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಇಲ್ಲ. ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು ಇವುಗಳ ಈ ಸಮಸ್ಯೆಯನ್ನು ಯಾವ ಸ್ಕ್ಯಾನೂ ರಕ್ತಪರೀಕ್ಷೆಯೂ ಹಿಡಿಯುವುದಿಲ್ಲ. ಮಕ್ಕಳ ಮನೋವೈದ್ಯರು ಮನೆಯವರನ್ನೂ ಶಿಕ್ಷಕರನ್ನೂ ವಿಚಾರಿಸಿ, ಮಗುವನ್ನು ನೋಡಿ ನಿರ್ಧರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ದೂರದವರು ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ ನೋಡಿ.

ಶಾಲೆಯವರ ಮಾತು ಯಾಕೆ ಬೇಕು? ಲಕ್ಷಣಗಳು ಕನಿಷ್ಠ 6 ತಿಂಗಳಿಂದ, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಶಾಲೆಯಲ್ಲಷ್ಟೇ ತೊಂದರೆಯಿದ್ದರೆ ಕಾರಣ ಓದು-ಬರಹ ಕಲಿಯುವ ತೊಡಕೇ ಇರಬಹುದು, ಬೋರ್ಡು ಕಾಣದಿರುವುದೂ ಇರಬಹುದು. ಆದ್ದರಿಂದ ಕಣ್ಣು, ಕಿವಿ ಮೊದಲೇ ಪರೀಕ್ಷೆ ಮಾಡಿಸಿ.

ಶಿಕ್ಷಕರಿಂದ ಒಂದು ಪತ್ರ ಬರೆಸಿಕೊಂಡು ಹೋಗಿ. ‘ತುಂಬಾ ತುಂಟ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ‘10 ಲೆಕ್ಕ ಕೊಟ್ಟರೆ 3 ಮಾಡಿ ಎದ್ದು ಹೋಗುತ್ತಾನೆ, ವಾರಕ್ಕೆರಡು ಪೆನ್ಸಿಲ್ ಕಳೆಯುತ್ತಾನೆ’ ಎಂಬಂತಿರಲಿ. ಹಳೆಯ ನೋಟ್‌ಬುಕ್ಕು, ಅಂಕಪಟ್ಟಿಗಳೂ ಜೊತೆಗಿರಲಿ.

ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ, ಮೊಬೈಲ್ ಮುಂದೆಯಂತೂ ಗಂಟೆಗಟ್ಟಲೆ. ಅಷ್ಟಕ್ಕೇ ‘ಏನೂ ಇಲ್ಲ’ ಎಂದು ವಾಪಸಾಗಬೇಡಿ. ಹಾಗೆಯೇ ಐದೇ ನಿಮಿಷ ಮಾತಾಡಿಸಿ ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬ ವೈದ್ಯರನ್ನು ಕಾಣಿ.