ಚಿನ್ನಿಯ ಬಿಸ್ಕತ್ತಿನ ಲೆಕ್ಕ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಕುಟುಂಬ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ನಾಯಿಯದ್ದೂ ಸೇರಿ. ಸುಮಾ ದಿನಾ ಲೋಕಲ್ ಹಿಡಿದು ಫೋರ್ಟ್ ಕಡೆ ಆಫೀಸಿಗೆ ಹೋಗುತ್ತಾರೆ. ಗಂಡನ ಕೆಲಸ ಠಾಣೆಯಲ್ಲಿ. ಅತ್ತೆ ತೀರಿಕೊಂಡ ಮೇಲೆ ಮಾವ ಕುಂದಾಪುರದಿಂದ ಬಂದು ಇವರ ಜೊತೆಗಿದ್ದಾರೆ. ಮತ್ತೆ ಚಿನ್ನಿ, ಮೂರು ವರ್ಷದ ಪಾಮೇರಿಯನ್.

ಸುಮಾ ನನ್ನ ಹತ್ತಿರ ಸಲಹೆಗೆ ಬಂದಿದ್ದು ಗಂಡನ ಜೊತೆಗಿನ ಜಗಳದ ವಿಷಯಕ್ಕೆ. ಐದೇ ನಿಮಿಷದಲ್ಲಿ ಮಾತು ನಾಯಿಯ ಕಡೆ ತಿರುಗಿತು. ಲಿಫ್ಟ್ ಸದ್ದಾದರೆ ಬೊಗಳುತ್ತದೆ, ಕೊರಿಯರ್ ಬಂದರೆ ಬೊಗಳುತ್ತದೆ, ಎದುರುಮನೆಯವರು ಚಪ್ಪಲಿ ಬಿಟ್ಟರೂ ಬೊಗಳುತ್ತದೆ. ಹೌಸಿಂಗ್ ಸೊಸೈಟಿಯಿಂದ ಎರಡು ನೋಟಿಸ್ ಬಂದಿವೆ. ಗಂಡ ಶಾಕ್ ಕೊಡುವ ಕಾಲರ್ ತರಿಸಲು ಹೊರಟಿದ್ದಾರೆ.

"ಮನೆಯಲ್ಲಿ ನನ್ನ ಮಾತು ಯಾರೂ ಕೇಳಲ್ಲ ಮೇಡಂ. ನಾಯೀನೂ ಕೇಳಲ್ಲ."

ಕಾಲರ್ ಬೇಡ ಅಂದೆ. ನೋವು ಕಾಲರಿನಿಂದ ಬಂತು ಅಂತ ನಾಯಿಗೆ ಗೊತ್ತಾಗಲ್ಲ. ಬಾಗಿಲ ಬಳಿ ನಿಂತವನಿಂದಲೇ ಬಂತು ಅಂದುಕೊಳ್ಳಬಹುದು. ಬೊಗಳೋದು ನಿಂತು ಕಚ್ಚೋದು ಶುರುವಾದರೆ? ಮೊದಲು ವೆಟ್‌ಗೆ ತೋರಿಸಿ, ಕಿವಿನೋವು ಗಿವಿನೋವು ಇದ್ದರೂ ಇರಬಹುದು ಅಂದೆ. ಏನೂ ಇರಲಿಲ್ಲ.

ಆಮೇಲೆ ಒಂದು ವಾರ ನೋಟ್‌ಬುಕ್ ಇಡಲು ಹೇಳಿದೆ. ಎಷ್ಟು ಹೊತ್ತಿಗೆ ಬೊಗಳಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಮನೆಯವರು ಏನು ಮಾಡಿದರು. ಈ ಮೂರನೆಯದನ್ನು ಜನ ಬರೆಯೋದೇ ಇಲ್ಲ. ನನಗೆ ಬೇಕಾಗಿದ್ದು ಅದೇ.

ಹಗಲು ಮನೆಯಲ್ಲಿರುವುದು ಮಾವ ಒಬ್ಬರೇ. ಅವರೇ ಬರೆದರು. ಅಂಗಡಿಯಲ್ಲಿ ಲೆಕ್ಕ ಬರೆದ ಕೈ, ಅಕ್ಷರ ಮುತ್ತಿನ ಹಾಗಿತ್ತು. 'ಹತ್ತು ಗಂಟೆ. ಕೊರಿಯರ್. ಬೊಗಳಿತು. ಬಿಸ್ಕತ್ತು ಕೊಟ್ಟೆ. ಹನ್ನೊಂದೂಕಾಲು. ಲಿಫ್ಟ್. ಬೊಗಳಿತು. ಬಿಸ್ಕತ್ತು.' ಪುಟ ತುಂಬಾ ಇದೇ.

ನೆರೆಯವರಿಗೆ ಕೇಳಿಸುವ ಮುಂಚೆ ಬಾಯಿ ಮುಚ್ಚಿಸಬೇಕು ಅನ್ನೋದು ಅವರ ಉಪಾಯ. ಚಿನ್ನಿಯ ಲೆಕ್ಕ ಬೇರೆ: ಬೊಗಳಿದರೆ ಬಿಸ್ಕತ್ತು. ಸಂಜೆ ಸುಮಾರ ಗಂಡ ಸೋಫಾದಿಂದಲೇ "ಏಯ್, ಸುಮ್ನಿರು!" ಅಂತ ಕೂಗುತ್ತಿದ್ದರು. ನಾಯಿಗೆ ಅದು ಬೈಗುಳ ಅಲ್ಲ, ತನ್ನ ಜೊತೆ ಇನ್ನೊಬ್ಬರು ದನಿಗೂಡಿಸಿದ ಹಾಗೆ.

ಮುಂದಿನ ಸಲ ಮಾವನನ್ನೂ ಕರೆಸಿದೆ. ಬಿಸ್ಕತ್ತಿನ ಮಾತೆತ್ತಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಡೀ ದಿನದಲ್ಲಿ ನನ್ನನ್ನ ಕರೆಯೋದು ಅದೊಂದೇ, ಅಮ್ಮಾ" ಅಂದರು. ಸುಮಾ ಕಿಟಕಿ ಕಡೆ ನೋಡಿದರು.

ತಿನ್ನಲು ಕೊಡೋದೇ ನಿಲ್ಲಿಸಿ ಅನ್ನಲು ನನಗೆ ಮನಸ್ಸು ಬರಲಿಲ್ಲ. ಹೊತ್ತು ಬದಲಿಸಿ ಅಂದೆ, ತರಬೇತಿಯನ್ನೇ ಮಾವನಿಗೆ ವಹಿಸಿದೆ. ಬಿಸ್ಕತ್ತಿನ ಬದಲು ಬೇಯಿಸಿದ ಕ್ಯಾರೆಟ್ಟಿನ ಉಗುರಿನಷ್ಟು ಚೂರು. (ದ್ರಾಕ್ಷಿ, ಈರುಳ್ಳಿ ಮಾತ್ರ ಬೇಡವೇ ಬೇಡ, ನಾಯಿಗೆ ವಿಷ.) ಲಿಫ್ಟ್ ಸದ್ದು ಕೇಳಿ ಕಿವಿ ನಿಮಿರಿತು, ಇನ್ನೂ ಬೊಗಳಿಲ್ಲ ಅಂದರೆ ಆಗಲೇ ಕೊಡಿ. ಬೊಗಳಿಬಿಟ್ಟರೆ ಕೂಗಬೇಡಿ. ಉಸಿರೆಳೆಯಲು ನಿಲ್ಲಿಸುತ್ತದಲ್ಲ, ಆ ಗಳಿಗೆಗೆ ಮೆಲ್ಲಗೆ "ಸಾಕು" ಅನ್ನಿ, ಮೂರು ಎಣಿಸಿ, ಆಮೇಲೆ ಕೊಡಿ. ನಾಳೆ ಐದು, ನಾಡಿದ್ದು ಹತ್ತು. ಎಣಿಕೆ ಬೆಳೆಸದಿದ್ದರೆ 'ಬೊಗಳು, ನಿಲ್ಲಿಸು, ತಿನ್ನು' ಅನ್ನೋ ಹೊಸ ಆಟ ಕಲಿಯುತ್ತದೆ, ಪಾಮ್‌ಗಳು ಜಾಣರು. ಸೇಫ್ಟಿ ಡೋರಿನ ಜಾಲರಿಗೆ ಬಟ್ಟೆ ಕಟ್ಟಿ, ಪ್ಯಾಸೇಜ್ ಕಾಣದಿರಲಿ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್, ಮೂಸಲು ಬಿಟ್ಟು. ಇದೆಲ್ಲ ಸದ್ದಿಗೆ ಬೊಗಳುವ ನಾಯಿಗೆ ಮಾತ್ರ. ಒಂಟಿಯಾದಾಗ ಹೆದರಿ ಊಳಿಡುವ ನಾಯಿಗೆ ಬೇರೆಯೇ ದಾರಿ ಹುಡುಕಬೇಕು.

ಮೊದಲ ಕೆಲವು ದಿನ ಜಾಸ್ತಿಯಾಗುತ್ತದೆ ಅಂತಲೂ ಹೇಳಿದ್ದೆ. ಹಳೆಯ ಉಪಾಯ ನಡೆಯದಾಗ ಇನ್ನೂ ಜೋರಾಗಿ ಮಾಡಿ ನೋಡುತ್ತವೆ, ನಮ್ಮ ಮಕ್ಕಳ ಹಾಗೇ ಅಲ್ವಾ?

ಗಂಡನಿಗೆ ಸೆಕ್ರೆಟರಿ ಮುಂದೆ ಕಾನೂನು ಹೇಳುವ ಹಟ. ಸೊಸೈಟಿ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಎದುರುಮನೆಯ ಹುಡುಗ ರಾತ್ರಿಪಾಳಿ ಮುಗಿಸಿ ಹಗಲು ಮಲಗುವವನು. ಅವನ ನಿದ್ದೆಗೆ ಮಾರ್ಗಸೂಚಿ ಏನು ಮಾಡುತ್ತದೆ? ಎರಡು ವಾರ ಸಹಿಸಿಕೊಳ್ಳಪ್ಪಾ ಅಂತ ಹೋಗಿ ಕೇಳಿ ಅಂದೆ. ಗಂಡ ಹೋಗಲಿಲ್ಲ. ಮಾವ ಹೋದರು. ಆ ಹುಡುಗ ಈಗ ಸಂಜೆ ಚಹಾಕ್ಕೆ ಬರುತ್ತಾನೆ.

ಎರಡು ತಿಂಗಳಾಯಿತು. ಗಣಪತಿ ವಿಸರ್ಜನೆಯ ಢೋಲ್ ತಾಶಾಕ್ಕೆ ಚಿನ್ನಿ ಗಂಟಲು ಹರಿಯುವಷ್ಟು ಬೊಗಳಿತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಉಳಿದಂತೆ ನೋಟ್‌ಬುಕ್ಕಿನ ಸಾಲು ಬದಲಾಗಿದೆ: 'ಲಿಫ್ಟ್. ಬೊಗಳಲಿಲ್ಲ. ಕ್ಯಾರೆಟ್.'

ಗಂಡಹೆಂಡಿರ ಜಗಳ ಹಾಗೇ ಇದೆ. ಬುಧವಾರ ಇಬ್ಬರೂ ಬರುತ್ತಾರೆ.