ಬ್ಯಾಂಜೋ ಯಾರ ವಾದ್ಯ?

ಮಾನ್ಯರೇ,

ಅಮೆರಿಕದ ಕಪ್ಪು ಯುವಕ ಯುವತಿಯರು ಫಿಡಲ್ (ಪಿಟೀಲು), ಬ್ಯಾಂಜೋ ಹಿಡಿದು ಹಳೆಯ ಕುಣಿತದ ಹಾಡುಗಳಿಗೆ ಮರಳುತ್ತಿರುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: ‘ಬ್ಯಾಂಜೋ ಬಿಳಿಯ ಗುಡ್ಡಗಾಡಿನವರ ವಾದ್ಯ ಅಲ್ವಾ? ಬ್ಲೂಸ್, ಜಾಝ್ ಕೊಟ್ಟ ಜನ ಇದನ್ನು ಅನುಕರಿಸುವುದು ಯಾಕೆ?’

ಮೊದಲು ಒಂದು ಮಾತು. ನಮ್ಮ ಕಡೆ ಬ್ಯಾಂಜೋ ಅಂದರೆ ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ಅದು ಬೇರೆ. ಅಮೆರಿಕದ ಬ್ಯಾಂಜೋದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯ ನೋಡಿ. ಸೋರೆ ಬುರುಡೆ, ಅದರ ಮೇಲೆ ಬಿಗಿದ ಚರ್ಮ, ಹೆಬ್ಬೆರಳಿನಿಂದ ಮೀಟುವ ಒಂದು ಗಿಡ್ಡ ತಂತಿ. ಇಂದಿನ ಐದು ತಂತಿಯ ಬ್ಯಾಂಜೋದಲ್ಲೂ ಆ ಗಿಡ್ಡ ತಂತಿ ಹಾಗೇ ಇದೆ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರ ಕೈಯಲ್ಲಿ ಈ ವಿದ್ಯೆ ಸಮುದ್ರ ದಾಟಿತು.

ಹಾಗಿದ್ದರೆ ಅದು ಬಿಳಿಯರದ್ದು ಅಂತ ನಮಗೆಲ್ಲ ಯಾಕೆ ಅನಿಸಿತು? 1840ರ ಹೊತ್ತಿಗೆ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸುತ್ತ ರಂಗದ ಮೇಲೆ ಬ್ಯಾಂಜೋ ಬಾರಿಸಿದರು. ಆಮೇಲೆ 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಬಣ್ಣ ನೋಡಿ ಸಂಗೀತವನ್ನು ಹಂಚಿಬಿಟ್ಟವು. ಕಪ್ಪು ಜನರಿಗೆ ‘ರೇಸ್ ರೆಕಾರ್ಡ್ಸ್’, ಬಿಳಿಯರಿಗೆ ‘ಹಿಲ್‌ಬಿಲಿ’, ಅಂದರೆ ಗುಡ್ಡಗಾಡಿನ ಫಿಡಲ್, ಬ್ಯಾಂಜೋ ಸಂಗೀತ. ಫಿಡಲ್ ಹಿಡಿದು ಬಂದ ಕಪ್ಪು ಕಲಾವಿದರಿಗೆ ಸಿಕ್ಕ ಅವಕಾಶ ತೀರಾ ಕಡಿಮೆ. ಮಾರುಕಟ್ಟೆ ಮಾಡಿದ ಈ ಪಾಲನ್ನೇ ನಾವು ಚರಿತ್ರೆ ಅಂದುಕೊಂಡೆವು.

ನುಡಿಸುವವರು ಮಾತ್ರ ಇದ್ದೇ ಇದ್ದರು. ಉತ್ತರ ಕೆರೊಲಿನಾ ರಾಜ್ಯದ ಮೆಬನ್ ಊರಿನ ಕಪ್ಪು ಫಿಡಲ್ ವಾದಕ ಜೋ ಥಾಂಪ್ಸನ್ ಹುಟ್ಟಿದ್ದು 1918ರಲ್ಲಿ. ಆ ಊರು ಗುಡ್ಡಗಾಡಿನಲ್ಲಿಲ್ಲ, ಬೆಟ್ಟಕ್ಕೂ ಕರಾವಳಿಗೂ ನಡುವಿನ ಪೀಡ್‌ಮಾಂಟ್ ಸೀಮೆಯಲ್ಲಿದೆ. ಅಪ್ಪ ಫಿಡಲ್ ನುಡಿಸುತ್ತಿದ್ದರು, ಮಗ ನೋಡಿ ಕಲಿತರು. ಜೋಳದ ಸಿಪ್ಪೆ ಸುಲಿಯುವ ಕೆಲಸಕ್ಕೆ ನೆರೆಹೊರೆಯವರು ಸೇರಿದಾಗ, ಆಮೇಲಿನ ಕುಣಿತಕ್ಕೆ ಇವರ ಮನೆಯವರದ್ದೇ ಸಂಗೀತ. ಜೋ ಬಹಳ ಕಾಲ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದರು. ಬ್ಯಾಂಜೋದಲ್ಲಿ ಜೊತೆಯಾಗಿದ್ದ ದಾಯಾದಿ ಒಡೆಲ್ 1994ರಲ್ಲಿ ತೀರಿಕೊಂಡರು.

2005ರಲ್ಲಿ ಅದೇ ರಾಜ್ಯದ ಬೂನ್ ಪಟ್ಟಣದಲ್ಲಿ ಕಪ್ಪು ಬ್ಯಾಂಜೋ ಪರಂಪರೆಯ ಸಮಾವೇಶ ನಡೆಯಿತು. ಅಲ್ಲಿ ಸೇರಿದ ಕಪ್ಪು ಯುವ ಕಲಾವಿದರಾದ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಮುಂದೆ ಜೋ ಅವರ ಮನೆಗೆ ವಾರವಾರ ಹೋಗತೊಡಗಿದರು. ಜೋಗೆ ಆಗ 86 ವರ್ಷ. ಗಿಡೆನ್ಸ್ ಕಾಲೇಜಿನಲ್ಲಿ ಒಪೆರಾ ಕಲಿತವರು. ಅಂಥವರೂ ಆ ಮುದುಕರ ಪಕ್ಕ ಕೂತು, ಅವರ ಕಮಾನಿನ ಎಳೆತ ನೋಡುತ್ತ, ಜೊತೆಜೊತೆಗೆ ನುಡಿಸಿಯೇ ಕಲಿತರು. ಇದನ್ನು ಅನುಕರಣೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇದು ಮನೆಯ ಹಿರಿಯರಿಂದ ಕೈಗೆ ಬಂದ ವಿದ್ಯೆ.

ಆ ಮೂವರು ಕಟ್ಟಿದ ‘ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್’ ತಂಡದ ಆಲ್ಬಮ್‌ಗೆ 2011ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. ಜೋ ಆಗಿನ್ನೂ ಬದುಕಿದ್ದರು. ಮರುವರ್ಷ, 93ನೇ ವಯಸ್ಸಿನಲ್ಲಿ ಹೋದರು. ಈಗ ಜೇಕ್ ಬ್ಲೌಂಟ್‌ನಂಥ ಇನ್ನೂ ಚಿಕ್ಕ ವಯಸ್ಸಿನ ಕಪ್ಪು ವಾದಕರು ಬಂದಿದ್ದಾರೆ.

ಎಲ್ಲಿಂದ ಕೇಳಲು ಶುರು ಮಾಡಲಿ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಮೊದಲು ಜೋ ಮತ್ತು ಒಡೆಲ್ ಜೊತೆಯಾಗಿ ನುಡಿಸಿದ್ದನ್ನು ಕೇಳಿ. ಆಮೇಲೆ ಈ ಮೂವರನ್ನು. ಕಮಾನಿನ ಆ ಒರಟು ಎಳೆತ ನಿಮಗೇ ಗುರುತು ಸಿಗುತ್ತದೆ.

– ಸಂಪಾದಕ